ಸಾಹೇಬರ ವಿಕೆಟ್ಟು, ನನ್ನ ಮೊಣಕೈ

ನಿಜಾಮರ ಆಳ್ವಿಕೆ ಹೋದ ಮೇಲೆ ಚಿತ್ತಾಪುರಕ್ಕೆ ಹೊರಗಿನ ಅಧಿಕಾರಿಗಳು ಬರತೊಡಗಿದರು. ಧಾರವಾಡದ ಕಡೆಯ ಒಬ್ಬ ಸಾಹೇಬರು ಟ್ರಂಕಿನ ಜೊತೆ ಕ್ರಿಕೆಟ್ ಬ್ಯಾಟನ್ನೂ ತಂದರು. ಕೆಲವೇ ದಿನಗಳಲ್ಲಿ ಅವರ ಕಚೇರಿಯ ಗುಮಾಸ್ತರೆಲ್ಲ ಹುಟ್ಟಾ ಕ್ರಿಕೆಟ್ ಪ್ರೇಮಿಗಳಾಗಿಬಿಟ್ಟರು. ಸಾಹೇಬರ ಮುಂದೆ ಕಡತ ಇಡುತ್ತಿದ್ದ ಹಿರಿಯ ಪೇಶ್ಕಾರರು ಅಂಪೈರ್ ಆದರು.

ನಾನಾಗ ಹೈಸ್ಕೂಲಿನಲ್ಲಿದ್ದೆ. ನಮ್ಮ ಡ್ರಿಲ್ ಮಾಸ್ತರರು ನನಗೆ ಬೌಲಿಂಗ್ ಕಲಿಸಿದ್ದರು. "ತೋಳು ಕಿವಿಗಿ ಹತ್ತಿ ಬರಬೇಕು. ದಿನಾ ಒಂದೇ ನಮೂನಿ ಬರಬೇಕು," ಎಂಬುದಷ್ಟೇ ಅವರ ಪಾಠ. ಹಿತ್ತಲ ಗೋಡೆಗೆ ಶಹಾಬಾದ್ ಕಲ್ಲೊಂದನ್ನು ಆನಿಸಿ, ಅದಕ್ಕೆ ಚೆಂಡೆಸೆಯುತ್ತ, ಹಿಂದಿನ ವರ್ಷದ ಇಡೀ ಚಳಿಗಾಲ ಅವ್ವನ ಬೈಗುಳ ತಿಂದು ಕೈ ಪಳಗಿಸಿದ್ದೆ.

ಸಾಹೇಬರಿಗೆ ಚೆಂಡು ಹಾಕಲು ನನ್ನನ್ನು ಕರೆಸಿದರು. ಮೊದಲ ಚೆಂಡೇ ಅವರ ನಡುವಿನ ಸ್ಟಂಪು ಕಿತ್ತಿತು. ಪೇಶ್ಕಾರರು ಕೈ ಚಾಚಿ, "ನೋ ಬಾಲ್! ತಮ್ಮಾ, ನಿನ್ನ ಮೊಣಕೈ ಬಗ್ಗಲಿಕತ್ತದ," ಎಂದರು. ಹೆದರಿದ ನಾನು ಮುಂದಿನ ಚೆಂಡನ್ನು ನಿಜವಾಗಿಯೂ ಕೈ ಬಗ್ಗಿಸಿ, ಮೆಲ್ಲಗೆ ಎಸೆದೆ. ಸಾಹೇಬರು ಅದನ್ನು ಬೇಲಿಯಾಚೆ ಅಟ್ಟಿ, "ಶಾಬಾಸ್! ಈಗ ಬರೋಬ್ಬರಿ ಬಂತು ನೋಡು ಕೈ," ಎಂದು ಮೆಚ್ಚಿದರು.

ಅಂದಿನಿಂದ ನನ್ನ ಕೈ ಕೆಟ್ಟಿತು. ಚೆಂಡು ಹಿತ್ತಲ ಕಲ್ಲನ್ನು ಬಿಟ್ಟು ಮಿಕ್ಕೆಲ್ಲಕ್ಕೂ ಬಡಿಯತೊಡಗಿತು. ಮಾಸ್ತರರಿಗೆ ಸಿಟ್ಟು ಬಂತು. ನನ್ನ ಮೊಣಕೈಗೆ ಬಿದಿರಿನ ಪಟ್ಟಿ ಕಟ್ಟಿ ತಾವೇ ಮೈದಾನಕ್ಕೆ ಕರೆದೊಯ್ದರು. ಸಾಹೇಬರ ಸ್ಟಂಪು ಮತ್ತೆ ಬಿತ್ತು. ಪೇಶ್ಕಾರರ ಕೈ ಮತ್ತೆ ಚಾಚಿತು.

"ಪಟ್ಟಿ ಕಟ್ಟೀನಿ. ಕೈ ಹ್ಯಾಂಗ್ ಬಗ್ಗತದರಿ?" ಎಂದರು ಮಾಸ್ತರರು.

ಪೇಶ್ಕಾರರು ಪಟ್ಟಿ ಮುಟ್ಟಿ ನೋಡಿದರು. "ಬಗ್ಗಿಲ್ಲ ಖರೆ. ಆದ್ರ ಬಗ್ಗೋ ವಿಚಾರ ಇತ್ತು."

ದಾರಿಯುದ್ದಕ್ಕೂ ನಾನು ಕಣ್ಣೊರೆಸಿಕೊಂಡೆ. ಮಾಸ್ತರರು, "ಪೇಶ್ಕಾರರಿಗಿ ನೌಕರಿ ಅದ, ಮಕ್ಕಳು ಅವ. ನಿನಗ ಕಲ್ಲದ. ಹೋಗಿ ಅದಕ್ಕ ಒಗಿ," ಎಂದರು. ಮತ್ತೆ ಮೊದಲಿನಿಂದ ಶುರುಮಾಡಿದೆ.

ಬೇಸಿಗೆಗೆ ಮೊದಲು ವಾಡಿಯ ರೈಲ್ವೆ ತಂಡದ ಮೇಲೆ ಪಂದ್ಯವಿತ್ತು. ಆಳು ಸಾಲದೆ ಸಾಹೇಬರು ನನ್ನನ್ನೂ ತಂಡಕ್ಕೆ ಸೇರಿಸಿಕೊಂಡರು; ಮಾಸ್ತರರೂ ಜೊತೆಗೆ ಬಂದರು. ಅಲ್ಲಿ ಅಂಪೈರ್ ಒಬ್ಬ ಮುದುಕ ಗಾರ್ಡ್. ಅವರಿಗೆ ನಮ್ಮ ಸಾಹೇಬರು ಯಾರೆಂದೇ ಗೊತ್ತಿರಲಿಲ್ಲ. ಸಾಹೇಬರು ಬಂದಷ್ಟೇ ಬೇಗ ಔಟಾಗಿ, ಅಭ್ಯಾಸಬಲದಿಂದ ಪೇಶ್ಕಾರರತ್ತ ನೋಡಿದರು. ಪೇಶ್ಕಾರರು ಗೆರೆಯಾಚೆ ಚಹಾದ ಕಪ್ಪು ಹಿಡಿದು ಅಸಹಾಯಕರಾಗಿ ನಿಂತಿದ್ದರು. ನನ್ನ ಸರದಿ ಬಂದಾಗ ಒಂದೊಂದು ಚೆಂಡು ಎಸೆದ ಮೇಲೂ ತಿರುಗಿ ಅಂಪೈರರ ಕೈ ನೋಡುತ್ತಿದ್ದೆ.

"ನನ್ನ ಮಾರಿ ಯಾಕ ನೋಡ್ತಿ? ಚೆಂಡ ಒಗಿ," ಎಂದು ಗಾರ್ಡ್ ಗದರಿದರು.

ಒಗೆದೆ. ತೋಳು ಕಿವಿ ಸವರಿಕೊಂಡು ಹೋಗುತ್ತಿತ್ತು, ಸ್ಟಂಪುಗಳು ಬೀಳುತ್ತಿದ್ದವು. ನಾವು ಗೆದ್ದೆವು.

ಚಹಾದ ಹೊತ್ತಿಗೆ ಸಾಹೇಬರು ಎದ್ದು ನಿಂತು, "ಈ ಹುಡುಗನ ಕೈ ತಿದ್ದಿದಾಂವ ನಾನ!" ಎಂದರು. ಮೊದಲ ಚಪ್ಪಾಳೆ ಪೇಶ್ಕಾರರದು. ಪಕ್ಕದಲ್ಲಿದ್ದ ಮಾಸ್ತರರಿಗೆ ಚಹಾ ನೆತ್ತಿಗೇರಿತು.

ಮುಂದೆ ಸಾಹೇಬರಿಗೆ ವರ್ಗವಾಯಿತು. ಹೊಸಬರಿಗೆ ಬ್ಯಾಡ್ಮಿಂಟನ್ ಹುಚ್ಚು. ನಮ್ಮ ಪಿಚ್ಚಿನ ನಡುವೆ ಬಲೆಯ ಕಂಬ ನೆಡಿಸುತ್ತಿದ್ದ ಪೇಶ್ಕಾರರು ನನ್ನನ್ನು ಕಂಡು, "ಕ್ರಿಕೆಟ್ ಭಾಳ ಅಡ್ನಾಡಿ ಆಟ ಬಿಡು ತಮ್ಮಾ," ಎಂದರು. ಮುಂದಿನ ಭಾನುವಾರದಿಂದ ನಾನು ರೈಲು ಹತ್ತಿ ವಾಡಿಗೆ ಹೋಗಿ ರೈಲ್ವೆಯವರೊಂದಿಗೆ ಆಡತೊಡಗಿದೆ.