ಗಿರಾಕಿಯ ಕಾಲು ನೋಡಿ ಕಲಿಸಿದ ಆಟ

ಹೊಸ ಬಾಸ್ಕೆಟ್‌ಬಾಲಿನ ರಬ್ಬರ್ ವಾಸನೆ ಮೂಗಿಗೆ ಬಡಿದರೆ ನಾನು ಚೌಕಾಸಿ ಮಾಡುವುದನ್ನೇ ಒಂದು ಗಳಿಗೆ ಮರೆಯುತ್ತೇನೆ. ಮೊನ್ನೆ ಹುಬ್ಬಳ್ಳಿಯ ಆಟದ ಸಾಮಾನಿನ ಅಂಗಡಿಯಲ್ಲಿ ಹಾಗೇ ಆಯಿತು. ಅಂಗಡಿಯವನು, "ಯಾಕ್ರಿ ಕೋಚ್ ಸಾಹೇಬ್ರ, ಇವತ್ತ ರೇಟಿನ ಮಾತ ಎತ್ತಲಿಲ್ಲಲ್ರಿ, ಆರಾಮ ಅದೀರಿಲ್ಲೋ?" ಎಂದ. ಕೋಚ್ ಎಂಬ ಆ ಒಂದು ಮಾತಿಗಾಗಿ ಕಾದ ವರ್ಷಗಳು ನೆನಪಾದವು ನೋಡಿ.

ಆಗ ನಾನು ಧಾರವಾಡದ ಒಂದು ಕಾಲೇಜಿನಲ್ಲಿ ಸಹಾಯಕ ಕೋಚ್. ಅಂದರೆ ಅಂಕಣಕ್ಕೆ ಸುಣ್ಣದ ಗೆರೆ ಎಳೆಯುವವನು, ಚೆಂಡಿಗೆ ಗಾಳಿ ತುಂಬುವವನು, ತಂಡ ಗೆದ್ದರೆ ಫೋಟೋ ತೆಗೆಯುವವನು. ಫೋಟೋ ತೆಗೆಯುವವನು ಫೋಟೋದಲ್ಲಿ ಇರುವುದಿಲ್ಲ. ಈ ಕೆಲಸಕ್ಕೆ ಸೇರುವವರಿಗೆ ನನ್ನ ಮೊದಲ ಸಲಹೆ: ಕ್ಯಾಮೆರಾ ಮುಟ್ಟಬೇಡಿ.

ಅದಕ್ಕೂ ಮೊದಲು ಕಾಕಾನ ಬಟ್ಟೆ ಅಂಗಡಿಯ ಗಾದಿಯ ಮೇಲೆ ಕೂತು ಸೀರೆ ಹರವಿ ತೋರಿಸುತ್ತಿದ್ದೆ. "ಗಿರಾಕಿ ಮಾತ ಕೇಳಬ್ಯಾಡ, ಕಾಲ ನೋಡು," ಎನ್ನುತ್ತಿದ್ದರು ಕಾಕಾ. "ಬಾಯಿ ಬ್ಯಾಡ ಅಂತೈತಿ, ಕಾಲ ಹೊಸ್ತಿಲಾ ದಾಟಿ ಹೊರಗ ಹೋಗೂದಿಲ್ಲ." ಈ ವಿದ್ಯೆಗೆ ಯಾರೂ ಪದವಿ ಕೊಡುವುದಿಲ್ಲ, ಆದರೆ ಹೊಟ್ಟೆ ತುಂಬುತ್ತದೆ.

ದೊಡ್ಡ ಕೋಚ್ ನಿವೃತ್ತರಾದ ವರ್ಷ ಪ್ರಿನ್ಸಿಪಾಲ್ ಮೇಡಮ್ ನನ್ನನ್ನು ಕರೆಸಿದರು. "ಹೆಣ್ಣುಮಕ್ಕಳ ಟೀಮ್ ಬಂದ್ ಮಾಡೂಣ್ರಿ. ಗೆಲ್ಲಂಗಿಲ್ಲ, ಪ್ರಾಕ್ಟೀಸಿಗೂ ಬರಂಗಿಲ್ಲ."

"ಒಂದು ವರ್ಷ ಕೊಡ್ರಿ ಮೇಡಮ್ಮರ. ವಲಯದ ಕಪ್ ತಂದ್ರ ಟೀಮ್ ಇರಲಿ, ನನ್ನ ಕೋಚ್ ಮಾಡ್ರಿ. ತರಲಿಲ್ಲಂದ್ರ ನಾನ ಕೆಲಸಾ ಬಿಡ್ತೇನಿ."

"ಬಿಟ್ಟು ಎಲ್ಲಿಗೆ ಹೋಗಾವ್ರು?"

"ಮತ್ತ ಕಾಕಾನ ಗಾದಿಗಿ."

ಮೇಡಮ್ ನಕ್ಕು ಒಪ್ಪಿದರು. ಊರಲ್ಲಿದ್ದ ಎಲ್ಲದರ ಮೇಲೂ ಚೌಕಾಸಿ ಮಾಡಿದ್ದೆ. ಸ್ವಂತ ಅನ್ನವನ್ನು ತಕ್ಕಡಿಗೆ ಹಾಕಿದ್ದು ಅದೇ ಮೊದಲು.

ಹುಡುಗಿಯರು ಬರದಿರುವುದಕ್ಕೆ ಕಾರಣ ಸೋಮಾರಿತನವಲ್ಲ, ಬಸ್ಸು. ಚುರುಕಾದ ಆಟಗಾರ್ತಿ ರೇಣುಕಾ ಗರಗ ಎಂಬ ಹಳ್ಳಿಯಿಂದ ಬರಬೇಕು, ಪ್ರಾಕ್ಟೀಸು ನಸುಕಿಗೆ, ಆ ಹೊತ್ತಿಗೆ ಬಸ್ಸಿಲ್ಲ. ಬಸ್ಸು ಬರುವ ಹೊತ್ತಿಗೇ ಆಟವನ್ನು ಸರಿಸೋಣವೆಂದರೆ, ಆ ಹೊತ್ತಿಗೆ ಅಂಕಣದ ತುಂಬ ಮೇಷ್ಟ್ರುಗಳ ಬೈಕು. ನಾನು ಯಾರ ಬಳಿಯೂ ಜಾಗ ಕೇಳಲಿಲ್ಲ. ಚಹಾ ಕುಡಿಯುವಾಗ ಒಬ್ಬೊಬ್ಬರಿಗೂ, "ಆ ಬೇವಿನ ಗಿಡದ ಬುಡಕ್ಕ ನಿಲ್ಲಸ್ರಿ ಸರ, ಸೀಟ್ ಸುಡೂದಿಲ್ಲ," ಎಂದೆ. ವಾರದೊಳಗೆ ಅಂಕಣ ಖಾಲಿ. ಬೇಕಾದ್ದನ್ನು ಕೇಳಬೇಡಿ, ಎದುರಿನವರಿಗೆ ಬೇಕಾದ್ದನ್ನು ಮಾರಿ.

ಆಮೇಲೆ ಕಾಕಾನ ಪಾಠ ಶುರು. ಎದುರಾಳಿಯ ಕಣ್ಣು ನೋಡಬೇಡಿ, ಕಾಲು ನೋಡಿ ಎಂದೆ. ರೇಣುಕಾ ಸುಮ್ಮನಿರುವವಳಲ್ಲ. "ಕಾಲ ನೋಡಕೋತ ನಿಂತ್ರ ಚೆಂಡ ಯಾರ ನೋಡಬೇಕ್ರಿ ಸರ?"

"ಚೆಂಡು ಕಾಲಿನ ಬೆನ್ನ ಹತ್ತಿ ಬರ್ತೈತಿ ತಂಗಿ."

ವಲಯದ ಫೈನಲ್. ನಾವು ಒಂದೇ ಅಂಕ ಮುಂದೆ, ಆಟ ಮುಗಿಯಲು ಕೆಲವೇ ಸೆಕೆಂಡು, ಚೆಂಡು ಅವರ ನಾಯಕಿಯ ಕೈಯಲ್ಲಿ. ಅವಳು ತಲೆಯನ್ನು ಎಡಕ್ಕೆ ಹೊರಳಿಸಿದಳು. ನೋಡುತ್ತಿದ್ದವರೆಲ್ಲ ಎಡಕ್ಕೆ ವಾಲಿದರು. ಪಾಠ ಹೇಳಿಕೊಟ್ಟ ನಾನೂ ವಾಲಿದೆ. ರೇಣುಕಾ ಮಾತ್ರ ತಲೆ ಎತ್ತಲಿಲ್ಲ. ನಾಯಕಿಯ ಬೂಟಿನ ತುದಿ ಬಲಕ್ಕೆ ತಿರುಗಿತ್ತು. ಇವಳು ಆ ಬೂಟಿನ ಕಡೆಗೇ ಹಾರಿದಳು, ಚೆಂಡು ತಾನಾಗಿ ಬಂದು ಇವಳ ಕೈ ಸೇರಿತು. ಸೀಟಿ ಮೊಳಗಿತು.

ಫೋಟೋಕ್ಕೆ ಕರೆದಾಗ ಕ್ಯಾಮೆರಾವನ್ನು ಮೇಡಮ್ಮರ ಡ್ರೈವರನ ಕೈಗೆ ಕೊಟ್ಟು, ಕಪ್ಪಿನ ಪಕ್ಕದಲ್ಲೇ ಹೋಗಿ ನಿಂತೆ. "ಅಲ್ಲೇ ನಿಲ್ರಿ ಕೋಚ್," ಎಂದರು ಮೇಡಮ್. ತಂಡವೂ ಉಳಿಯಿತು, ನನ್ನ ಹೆಸರಿನ ಮುಂದಿದ್ದ 'ಸಹಾಯಕ'ನೂ ತೊಲಗಿದ.

ಅಂಗಡಿಯಲ್ಲಿ ಇದನ್ನೆಲ್ಲ ನೆನೆಯುತ್ತ ನಿಂತಾಗಲೇ ಫೋನು ಬಂತು. ರೇಣುಕಾ. ದೈಹಿಕ ಶಿಕ್ಷಣ ಓದಿ ಮುಗಿಸಿದ್ದಾಳೆ. ಹುಬ್ಬಳ್ಳಿಯ ಕಾಲೇಜೊಂದು ಅವಳನ್ನು ಸಹಾಯಕ ಕೋಚ್ ಕೆಲಸಕ್ಕೆ ಕರೆದಿದೆಯಂತೆ. ಬುದ್ಧಿ ಹೇಳಲು ನನಗೆ ಇಷ್ಟು ಸಾಕು. "ಅಸಿಸ್ಟಂಟ್ ಅಂದ್ರ ಒಪ್ಪಬ್ಯಾಡವಾ. ಕೋಚ್ ಮಾಡಿದ್ರಷ್ಟ ಬರ್ತೇನಿ ಅನ್ನು."

"ನಾ ಆಗಲೇ ಹಂಗ ಅಂದೇನ್ರಿ ಸರ. ಕೋಚ್ ಮಾಡ್ಯಾರ. ಈಗ ಫೋನ್ ಮಾಡಿದ್ದು ನಿಮ್ಮ ಟೀಮ್ ಜೋಡಿ ಒಂದು ಮ್ಯಾಚ್ ಆಡಬೇಕಂತ. ನಮ್ಮ ಕೋರ್ಟಿನ್ಯಾಗ, ನಾವು ಹೇಳಿದ ದಿನ."

ಜನ್ಮದಲ್ಲಿ ಮೊದಲ ಬಾರಿ, ಎದುರಿನವರ ಮೊದಲ ಮಾತಿಗೇ ನಾನು ಒಪ್ಪಿಕೊಂಡೆ. "ದಿನಾ ಹೇಳವಾ ಕೋಚ್, ಬರ್ತೇವಿ."