ನಿಕಲ್ ಸಾಲಿನಲ್ಲಿ ಲಗಮಣ್ಣ

ಭಾರವಾದ ಮನುಷ್ಯರನ್ನು ಕಂಡರೆ ನನಗೆ ಮೊದಲಿನಿಂದಲೂ ಗೌರವ. ಗಾಳಿ ಜೋರಾಗಿ ಬೀಸಿದರೆ ನಾನು ಧ್ವನಿವರ್ಧಕದ ಕಂಬ ಹಿಡಿದುಕೊಂಡು ಭಾಷಣ ಮುಂದುವರಿಸುವ ಮೈಕಟ್ಟಿನವನಾದ್ದರಿಂದ ಈ ಗೌರವದಲ್ಲಿ ಸ್ವಾರ್ಥವಿಲ್ಲ. ಆದರೂ ಕಾಲೇಜಿನ ದಿನಗಳಿಂದ ಚರ್ಚಾವೇದಿಕೆ ಹತ್ತುತ್ತ ಬಂದ ನನಗೆ ಭಾರದ ಪರವಾಗಿ ವಾದಿಸುವ ಅವಕಾಶ ಒದಗಿದ್ದು ಈಚೆಗೆ, ಉಗಾರ ಬುದ್ರುಕದ ಕಬ್ಬು ಕಡಿದ ಹೊಲವೊಂದರಲ್ಲಿ, ಅದೂ ಅಮೆರಿಕನ್ ಫುಟ್‌ಬಾಲಿನ ನೆಪದಲ್ಲಿ.

ಆ ಆಟ ನಮ್ಮ ಕಡೆಗೆ ಮೊಬೈಲಿನೊಳಗಿಂದ ಬಂದು ಕುಸ್ತಿಯ ಮಣ್ಣಿನಲ್ಲಿ ಬೇರುಬಿಟ್ಟಿದೆ. ಆ ಹೊಲದಲ್ಲಿ ಅಭ್ಯಾಸ ಮಾಡುವ ನಮ್ಮ ತಂಡಕ್ಕೆ ನಾನು ವ್ಯವಸ್ಥಾಪಕ, ಬಾಬುರಾವ ತರಬೇತುದಾರ. ರಕ್ಷಣೆಗೆ ನಿಲ್ಲುವವರಲ್ಲಿ ಸಾಮಾನ್ಯವಾಗಿ ನಾಲ್ವರು ಮುಂದಿನ ಸಾಲಿನಲ್ಲಿ ಎದುರಾಳಿಗೆ ಮುಖಾಮುಖಿ, ಮೂವರು ನಡುವೆ, ನಾಲ್ವರು ಹಿಂದೆ. ಎದುರಾಳಿ ಚೆಂಡನ್ನು ದೂರಕ್ಕೆ ಎಸೆದಾನೆಂಬ ಗುಮಾನಿ ಬಂದರೆ ನಡುವಿನ ಒಬ್ಬನನ್ನು ತೆಗೆದು ಹಿಂದೆ ಐದನೆಯವನನ್ನು ನಿಲ್ಲಿಸುತ್ತಾರೆ. ಅಮೆರಿಕದ ಐದು ಸೆಂಟಿನ ನಾಣ್ಯಕ್ಕೆ ನಿಕಲ್ ಎನ್ನುವುದರಿಂದ ಹಿಂದೆ ಐವರಿರುವ ಈ ವ್ಯೂಹಕ್ಕೂ ಅದೇ ಹೆಸರು. ಆಗ ಮುಂದಿನ ನಾಲ್ವರು ಯಾರಾಗಬೇಕು? ನಮ್ಮ ಜಗಳವೆಲ್ಲ ಇದೇ.

ಎಸೆಯುವವನ ಮೇಲೆ ನುಗ್ಗಲು ನಾಲ್ವರೂ ಹಗುರಾಗಿ ಚುರುಕಾಗಿರಬೇಕೆಂಬುದು ಬಾಬುರಾವನ ಮತ. ಅಂದರೆ ಬೇಡಕಿಹಾಳದ ಲಗಮಣ್ಣ ಹೊರಗೆ. ಕುರಿ ಮೇಯಿಸುವ, ತಾಲೀಮಿನಲ್ಲಿ, ಅಂದರೆ ಕುಸ್ತಿಯ ಗರಡಿಯಲ್ಲಿ, ಬೆಳೆದ ಈ ಪೈಲವಾನ ನಿಂತರೆ ಹಿಂದಿನ ಬೇವಿನ ಮರ ಕಾಣುವುದಿಲ್ಲ. ಚಿಕ್ಕೋಡಿಯಲ್ಲಿ ನಿಪ್ಪಾಣಿಯವರೊಂದಿಗೆ ಪಂದ್ಯ; ಅವರೋ ಸದಾ ಎಸೆಯುವವರು, ಹಾಗಾಗಿ ನಾವು ಸದಾ ನಿಕಲ್‌ನಲ್ಲೇ. ನಿಕಲ್‌ನಲ್ಲಿ ಜಾಗವಿಲ್ಲದಿದ್ದರೆ ಲಗಮಣ್ಣ ಪಂದ್ಯವಿಡೀ ಹೊರಗೇ.

"ಕೂಡ್ರಸೋದಿದ್ರ ಈಗ ಹೇಳಿಬಿಡ್ರಿ ಸರ, ಆಟಾನ ಬಿಡ್ತೀನಿ," ಎಂದ ಆತ. "ಕುರಿ ಆದ್ರೂ ನನ್ನ ದಾರಿ ನೋಡ್ತಾವ."

ಬಾಬುರಾವನ ಬಳಿ ಪುರಾವೆಯೂ ಇತ್ತು. ತಾಲೀಮಿನ ರೂಢಿಯಂತೆ ಲಗಮಣ್ಣ ಪ್ರತಿ ಸಲ ಮಣ್ಣು ಮುಟ್ಟಿ ಹಣೆಗೊತ್ತಿ, ಎದುರಾಳಿಗೆ ಕೈ ಚಾಚುತ್ತಿದ್ದ. ಚೆಂಡು ಕದಲುವ ತನಕ ಆ ಎದುರಾಳಿ ಕಲ್ಲಿನಂತೆ ನಿಲ್ಲಬೇಕೆಂಬುದು ನಿಯಮ. ಆತ ಕೈ ಕೊಡಲಾರ. ಎರಡು ಸಾಲುಗಳ ನಡುವಿನ ಗೆರೆಯನ್ನು ಲಗಮಣ್ಣ ದಾಟಿ ಆತನನ್ನು ಮುಟ್ಟಿದ್ದಕ್ಕೆ ನಮಗೆ ಐದು ಗಜ ಹಿಂದೆ ಸರಿಯುವ ದಂಡ.

"ಇಂವ ಕೈ ಕೊಡಾಕ ಹೋಗಿ ಐದು ಗಜ ಕೊಟ್ಟ ಬರ್ತಾನಲ್ಲರಿ! ನೀವು ಭಾಷಣ ಛಲೋ ಮಾಡ್ತೀರಿ, ಇದು ಭಾಷಣ ಅಲ್ಲರಿ," ಎಂದು ಬಾಬುರಾವ ರೇಗಿದ.

ಅಲ್ಲ, ಇದು ಭಾಷಣವೇ ಎಂದೆ. ವೇಗವೇ ಪ್ರಗತಿಯೆಂಬ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ನಮ್ಮ ಸುಧಾರಣಾ ಸಭೆಗಳಲ್ಲೂ ಚುರುಕಿನವರು ಠರಾವು ಓದಿ ಹಾರಿಹೋಗುತ್ತಾರೆ. ವಿರೋಧ ಬಂದಾಗ ನಿಲ್ಲಬೇಕಾದವರು ಬೇರೆಯೇ. ಹಿಂದೆ ಐವರನ್ನು ಕಂಡ ಮೇಲೂ ಎಸೆಯಲು ಎದುರಾಳಿ ಮೂರ್ಖನೇ? ನಡುವಿನಿಂದಲೇ ಚೆಂಡು ಹೊತ್ತು ಓಡಿಬರುತ್ತಾನೆ. ಅಲ್ಲಿ ಹಗುರಾದವರನ್ನು ನಿಲ್ಲಿಸುವುದು ಬಾಗಿಲಿಗೆ ಪರದೆ ಕಟ್ಟಿದಂತೆ. ಮೂವರು ನುಗ್ಗಲಿ, ಒಬ್ಬ ನಿಲ್ಲಲಿ. ರೂಢಿಗಳನ್ನು ಕಿತ್ತೊಗೆಯಿರೆಂದು ಊರೂರು ತಿರುಗಿದ ನಾನೇ ಒಂದು ರೂಢಿಯ ವಕೀಲನಾದೆನೆಂದು ಬಾಬುರಾವ ನಕ್ಕ. ನಗಲಿ. ಮನುಷ್ಯನನ್ನು ಮನುಷ್ಯನಿಂದ ದೂರವಿಡುವ ರೂಢಿಗೆ ನಾನು ವಿರೋಧಿ. ಕೈ ಚಾಚುವ ರೂಢಿಗಲ್ಲ.

ಆದರೆ ಪ್ರತಿ ಸಲ ಬೇಡ ಎಂದು ಲಗಮಣ್ಣನಿಗೂ ಹೇಳಿದೆ.

"ಕೈ ಕೊಡಲಾರ್ದ ಮೈ ಮುಟ್ಟೋದು ಹ್ಯಾಂಗ್ರಿ ಸರ?" ಎಂದು ಆತ ಯೋಚಿಸಿದ. "ಆತು. ಮೊದಲ ಎಲ್ಲಾರಿಗೂ ಒಮ್ಮೆ ಕೊಟ್ಟಬಿಡ್ತೀನಿ."

ಒಂದೇ ಸಲ ಗೆರೆ ದಾಟಿದರೂ ಹೊರಗೆ ಎಂಬ ಷರತ್ತಿನ ಮೇಲೆ ಬಾಬುರಾವ ಒಪ್ಪಿದ. ಚಿಕ್ಕೋಡಿಯಲ್ಲಿ ಪಂದ್ಯಕ್ಕೆ ಮುಂಚೆ ಲಗಮಣ್ಣ ಹಿಡಿ ಮಣ್ಣಿನೊಂದಿಗೆ ನಿಪ್ಪಾಣಿಯವರ ಸಾಲಿಗೆ ಹೋಗಿ ಒಬ್ಬೊಬ್ಬನ ಕೈ ಹಿಡಿದು ಕುಲುಕಿದ. "ಇಲೆಕ್ಷನ್ನಿಗೆ ನಿಂತಿಯೇನ್ಲೇ ಪೈಲವಾನ?" ಎಂದು ಅವರು ಗೇಲಿ ಮಾಡಿದರು. ತೀರ್ಪುಗಾರ ಸೀಟಿ ಬಾಯಲ್ಲಿಟ್ಟುಕೊಂಡೇ ಕಾದ.

ನಾವು ನಿಕಲ್‌ನಲ್ಲಿ ನಿಂತೆವು. ಅವರು ನಡುವಿನಿಂದಲೇ ಓಡಿಬಂದರು. ಲಗಮಣ್ಣ ಕೈಯನ್ನು ತನ್ನ ಬದಿಯ ಮಣ್ಣಿನಲ್ಲೇ ಊರಿ ಕಾದಿದ್ದು, ಚೆಂಡು ಕದಲಿದ ಮೇಲೆ ಎದ್ದ. ಓಡಿಬಂದವನು ಆತನಿಗೆ ಬಡಿದು ಕೂತುಬಿಟ್ಟ. "ಅಲ್ಲೇ ನಿಂದರ್ಲೇ ಲಗಮ್ಯಾ, ಎಲ್ಲೂ ಹೋಗಬ್ಯಾಡ!" ಎಂದು ಹೊರಗಿನಿಂದ ಕೂಗಿದವನು, ದಯವಿಟ್ಟು ಗಮನಿಸಿ, ಬಾಬುರಾವ.

ಪಂದ್ಯ ಸೋತೆವು. ಅವರು ಎಸೆದ ಚೆಂಡು ನಮ್ಮ ತಲೆಯ ಮೇಲಿಂದ ಹಾರಿಹೋಯಿತು. ನಡುವಿನಿಂದ ಒಬ್ಬನೂ ದಾಟಲಿಲ್ಲ. ಬಾಬುರಾವ ಇದನ್ನು ತನ್ನ ವಾದಕ್ಕೆ ಪುರಾವೆಯೆನ್ನುತ್ತಾನೆ, ನಾನು ನನ್ನದಕ್ಕೆ. ಆದರೆ ಪಂದ್ಯದ ಬಳಿಕ ನಿಪ್ಪಾಣಿಯವರು ತಾವಾಗಿಯೇ ಬಗ್ಗಿ ಮಣ್ಣು ಮುಟ್ಟಿ, ಲಗಮಣ್ಣನಿಗೆ ಕೈ ಕೊಡಲು ಸಾಲುಗಟ್ಟಿದ್ದರು. ಆ ಸಾಲಿಗೆ ಹಗುರಾದವರನ್ನು ಆರಿಸಬೇಕೋ ಭಾರವಾದವರನ್ನೋ ಎಂದು ಯಾರೂ ಕೇಳಲಿಲ್ಲ.