ಅರ್ಧ ಸಾಲಿನ ಮೇಲೆ ನಿಂತವರು

ಅವರ ಬಲ ಅಂಗಾಲಿನಲ್ಲಿ ಚೌಕ ಚೌಕದ ಅಚ್ಚೊಂದಿತ್ತು. ಹೊಲಿಗೆ ಯಂತ್ರದ ಕಬ್ಬಿಣದ ಪೆಡಲಿನ ಜಾಲರಿ ವರ್ಷಗಟ್ಟಲೆ ಒತ್ತಿ ಮೂಡಿಸಿದ ಅಚ್ಚು ಅದು. ಚಪ್ಪಲಿ ಮೆಟ್ಟಿ ಯಂತ್ರ ತುಳಿದರೆ ಹೊಲಿಗೆ ಸೊಟ್ಟಾಗುತ್ತದೆ ಎಂಬುದು ಅವರ ನಂಬಿಕೆ. ಮಧ್ಯಾಹ್ನ ಅಂಗಡಿಯ ಕಟ್ಟೆಯ ಮೇಲೆ ಕಾಲು ಚಾಚಿ ಕೂತಾಗ, ಕುಪ್ಪಸದ ಅಳತೆ ಕೊಡಲು ಬಂದ ಹೆಂಗಸರು, "ಟೇಲರ್ ಮಾವಾ, ನಿಮ್ಮ ಕಾಲಾಗ ಚೌಕಾಬಾರಾ ಆಡಬಹುದು ನೋಡ್ರಿ" ಎಂದು ನಗುತ್ತಿದ್ದರು. "ಆಡ್ರಿ, ಆದ್ರ ಗೆದ್ದವರು ಕಾಲು ಒತ್ತಬೇಕು" ಎನ್ನುತ್ತಿದ್ದರು ಅವರು, ಮುಖದಲ್ಲಿ ನಗೆಯ ಗೆರೆಯೂ ಇಲ್ಲದೆ.

ನಮ್ಮೂರು ತಳಕಲ್ಲಿನಿಂದ ಎರಡು ಹರದಾರಿ. ಊರಿಗೆಲ್ಲ ಟೇಲರ್ ಆಗಿದ್ದ ಅವರನ್ನು ನಾನು ಅಣ್ಣ ಎಂದು ಕರೆಯುತ್ತಿದ್ದೆ, ರಕ್ತಸಂಬಂಧವೇನೂ ಇರಲಿಲ್ಲ. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟ ನಾನು ಪಂಚಾಯಿತಿಯಲ್ಲಿ ಜವಾನನಾಗಿದ್ದೆ. ಓದುವುದನ್ನು ನಾನು ನಿಜವಾಗಿ ಕಲಿತದ್ದು ಅವರ ಅಂಗಡಿಯಲ್ಲಿ, ಗಂಗಾವತಿಯಿಂದ ಬಟ್ಟೆ ಸುತ್ತಿಕೊಂಡು ಬರುತ್ತಿದ್ದ ಹಳೆಯ ಪತ್ರಿಕೆಗಳಿಂದ. ಓದಿದ್ದನ್ನು ಹಾಗೆಯೇ ನಂಬುವ ಗುಣ ನನಗೆ ಮೊದಲಿನಿಂದಲೂ ಇಲ್ಲ. ಅದಕ್ಕಾಗಿ ಅವರು ನನಗೆ 'ಪಂಡಿತ' ಎಂಬ ಚೇಷ್ಟೆಯ ಹೆಸರಿಟ್ಟಿದ್ದರು. "ಏನೋ ಪಂಡಿತ, ಇವತ್ತ ಯಾರ ಸುಳ್ಳು ಹಿಡದಿ?" ಎನ್ನುವುದು ನಾನು ಕಟ್ಟೆ ಹತ್ತಿದ ಕೂಡಲೇ ಅವರಾಡುವ ಮೊದಲ ಮಾತು.

ಅವರು ಪದ ಕಟ್ಟಿ ಹಾಡುತ್ತಿದ್ದರು. ಮೊಹರಮ್ ನಮ್ಮಲ್ಲಿ ಎಲ್ಲರ ಹಬ್ಬ. ಮಸೂತಿಯಲ್ಲಿ ಕೂರಿಸಿ ಕೊನೆಯ ದಿನ ಹಳ್ಳಕ್ಕೆ ಕಳಿಸುವ ಅಲಾಯಿ ದೇವರ ಮುಂದೆ ಹೆಜ್ಜೆ ಹಾಕುವ ಮೇಳದಲ್ಲಿ ಒಕ್ಕಲಿಗರೂ ಕುಂಬಾರರೂ ಮನೆ ಕಟ್ಟುವ ಗೌಂಡಿಗಳೂ ಇರುತ್ತಾರೆ. ಕರ್ಬಲಾದ ಕಥೆ ಹೇಳುವ ಅವರ ಪದಗಳಿಗೆ ರಿವಾಯತ್ ಎಂದು ಹೆಸರು. ಮುಂದಾಳು ಅರ್ಧ ಸಾಲನ್ನು ಎತ್ತುತ್ತಾನೆ, ಜೊತೆಗಾರ ಉಳಿದರ್ಧವನ್ನು ಮುಗಿಸುತ್ತಾನೆ, ಆಗ ಇಪ್ಪತ್ತು ಜನರ ಕಾಲು ಒಮ್ಮೆಗೇ ನೆಲಕ್ಕೆ ಬೀಳಬೇಕು. ನಮ್ಮ ಮೇಳದ ಮುಂದಾಳು ಅಣ್ಣ. ಜೊತೆಗಾರ ಅವರ ಒಡಹುಟ್ಟಿದ ತಮ್ಮ. "ಹೊಳಿ ಹರದೈತಿ ಕಣ್ಣಮುಂದ" ಎಂದು ಅಣ್ಣ ಎತ್ತಿದರೆ, "ಗುಟುಕು ನೀರಿಲ್ಲ ಕೂಸಿನ ಬಾಯಾಗ" ಎಂದು ತಮ್ಮ ಇಳಿಸುತ್ತಿದ್ದ. ಕೇಳಿದ ಹೆಂಗಸರು ಕಂಕುಳ ಕೂಸನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಆ ಪದ ಹುಟ್ಟಿದ್ದು ಯಂತ್ರದ ಮೇಲೆ. ಕಾಲು ತುಳಿಯುವ ಲಯಕ್ಕೆ ಅಣ್ಣ ಮಾತು ಕೂಡಿಸುತ್ತಿದ್ದರು. ಅಂಗಿಯ ತೋಳು ಮುಗಿಯುವಷ್ಟರಲ್ಲಿ ಒಂದು ನುಡಿ ಮುಗಿದಿರುತ್ತಿತ್ತು.

ನಮ್ಮದು ಹೊಸ ಜಿಲ್ಲೆಯಾದ ವರ್ಷ, ಸಿದ್ದಾಪುರದ ಕಡೆ ಭತ್ತದ ನಾಟಿಗೆ ಹೋಗಿದ್ದ ತಮ್ಮ ಜ್ವರ ಹತ್ತಿಸಿಕೊಂಡು ಬಂದು ವಾರದೊಳಗೆ ತೀರಿಕೊಂಡ. ಅಣ್ಣ ಆಮೇಲೆ ಎರಡು ಹಬ್ಬಗಳಲ್ಲಿ, ಸಾಲಿನ ಎರಡೂ ಭಾಗಗಳನ್ನು ತಾವೇ ಹಾಡಿದರು. ಮೂರನೆಯ ಹಬ್ಬಕ್ಕೆ ಮೇಳದವರು ಕರೆಯಲು ಬಂದಾಗ ಯಂತ್ರದಿಂದ ತಲೆ ಎತ್ತದೆ, "ಬರೂದಿಲ್ಲಪಾ" ಎಂದರು. ಒಂಬತ್ತು ಹಬ್ಬ ಅದೇ ಉತ್ತರ.

ಊರು ಕಾರಣ ಹುಡುಕಿತು. ತಮ್ಮನ ಸಾವಿನ ದುಃಖ ಎಂದರು ಕೆಲವರು. ಪಕ್ಕದೂರಿನ ಮೇಳದವರು ಲಿಂಬೆಹಣ್ಣು ಮಂತ್ರಿಸಿ ಗಂಟಲು ಕಟ್ಟಿದರು ಎಂದರು ಮತ್ತೆ ಕೆಲವರು. ಲಿಂಬೆಹಣ್ಣಿನ ಮಾತಿಗೆ ನಾನು ಉತ್ತರ ಕೊಡಲು ಹೋಗಲಿಲ್ಲ. ದುಃಖದ ಮಾತನ್ನು ಮಾತ್ರ ಖಂಡಿಸಿದೆ. ದುಃಖವೇ ಕಾರಣವಾಗಿದ್ದರೆ ತಮ್ಮ ಸತ್ತ ಮೇಲೆ ಎರಡು ವರ್ಷ ಹೇಗೆ ಹಾಡಿದರು? ನನ್ನ ಬಳಿ ಬೇರೆ ಕಾರಣವಿತ್ತು. ಹಾಡು ನಿಂತ ವರ್ಷವೇ ಅವರು ಯಂತ್ರಕ್ಕೆ ವಿದ್ಯುತ್ ಮೋಟಾರು ಕೂಡಿಸಿದ್ದರು. ತುಳಿಯುವುದು ನಿಂತಿತು, ಲಯ ನಿಂತಿತು, ಪದ ನಿಂತಿತು. ಅಂಗಾಲಿನ ಅಚ್ಚು ವರ್ಷದಿಂದ ವರ್ಷಕ್ಕೆ ಮಾಸುತ್ತ ಬಂದುದು ನನ್ನ ಸಾಕ್ಷಿ. ಇದನ್ನು ಅವರ ಮುಂದೆಯೇ ಸವಿಸ್ತಾರವಾಗಿ ಮಂಡಿಸಿದೆ.

ಅಣ್ಣ ಬಾಯಲ್ಲಿದ್ದ ದಾರ ಕಡಿದು ಉಗುಳಿದರು. "ಹಂಗಾದ್ರ ಕರೆಂಟ್ ಹೋದಾಗರೆ ನಾ ಹಾಡಬೇಕಿತ್ತಲ್ಲೋ ಪಂಡಿತ! ನಮ್ಮೂರಾಗ ಕರೆಂಟ್ ಇರೂದಕ್ಕಿಂತ ಇಲ್ದಿರೂದ ಹೆಚ್ಚು. ಆಗೆಲ್ಲಾ ತುಳದ ಹೊಲೀತೀನಿ, ನೀ ನೋಡಿಲ್ಲೇನು?"

ನೋಡಿದ್ದೆ. ಆದರೂ ನನ್ನ ವಾದವನ್ನು ಬಿಡಲಿಲ್ಲ.

ಹತ್ತನೆಯ ಹಬ್ಬದ ಹೊತ್ತಿಗೆ ಮೇಳ ಮುರಿಯುವ ಹಂತಕ್ಕೆ ಬಂದಿತ್ತು. ಅಣ್ಣನ ಜಾಗದಲ್ಲಿ ಹಾಡುತ್ತಿದ್ದವನು ಸಂಸಾರ ಸಮೇತ ಶ್ರೀರಾಮನಗರದ ಅಕ್ಕಿ ಗಿರಣಿಗೆ ಹೋಗಿ ನೆಲೆಸಿದ. ಹಾಡಿಲ್ಲದೆ ಹೆಜ್ಜೆಯಿಲ್ಲ, ಹೆಜ್ಜೆಯಿಲ್ಲದೆ ದೇವರನ್ನು ಹಳ್ಳಕ್ಕೆ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಆಗ ಅಲಾಯಿ ದೇವರ ಪೂಜೆ ನೋಡಿಕೊಳ್ಳುವ ಮುಜಾವರ ಚಾಚಾ, ಕೋಲೂರಿಕೊಂಡು ತಾವೇ ಅಂಗಡಿಗೆ ಬಂದರು. ನಾನು ಅಲ್ಲಿಯೇ ಪತ್ರಿಕೆ ಹಿಡಿದು ಕೂತಿದ್ದೆ.

"ಟೇಲರ್, ಈ ಸಲ ನೀನ ಬರಬೇಕು ನೋಡಪಾ."

"ಚಾಚಾ, ನಿಮ್ಮ ಮುಂದ ಸುಳ್ಳ್ಯಾಕ ಹೇಳ್ಲಿ. ನನಗ ಈಗ ದುಃಖಾನ ಬರಂಗಿಲ್ಲ. ಯಾರರೆ ಸತ್ರೂ ಬರಂಗಿಲ್ಲ, ಮದುವ್ಯಾಗ ನಗೂನೂ ಬರಂಗಿಲ್ಲ. ಒಳಗ ಕೊರಡಿನಂಗ ಆಗೇತಿ. ದುಃಖದ ಪದ ಯಾ ಬಾಯಿಲೆ ಹಾಡ್ಲಿ? ದೇವರಿಗೆ ಮೋಸ ಮಾಡಿದಂಗ ಆಗತೈತಿ."

ಚಾಚಾ ಕೋಲನ್ನು ಗೋಡೆಗೆ ಒರಗಿಸಿ ಕಟ್ಟೆಯ ಮೇಲೆ ಕೂತರು. "ದುಃಖ ಅವರದೋ ಮಾರಾಯ. ಕರ್ಬಲಾದಾಗ ಕೂಸನ್ನ ಕಳಕೊಂಡವರು ಅವರು. ನಿನ್ನ ದುಃಖ ಯಾರು ಕೇಳ್ಯಾರ? ನೀ ಬರೇ ಹಾಡು."

ಚಾಚಾ ಹೋದ ಮೇಲೆ ಅಣ್ಣ ಯಂತ್ರದ ಮೋಟಾರಿನ ಬೆಲ್ಟನ್ನು ಕಳಚಿ, ಕಾಲಿನ ಪಟ್ಟಿಯನ್ನು ಗಾಲಿಗೆ ಹಾಕಿದರು. ಆಗ ಕರೆಂಟು ಇತ್ತು. ನನ್ನ ವಾದಕ್ಕೆ ಅದನ್ನೂ ಸಾಕ್ಷಿಯಾಗಿ ಸೇರಿಸಿಕೊಂಡೆನೆಂದು ಒಪ್ಪಿಕೊಳ್ಳಬೇಕು.

ಹಬ್ಬದ ಕೊನೆಯ ದಿನ, ಬಿಸಿಲು ಇಳಿಯುವ ಮುನ್ನ, ಮಸೂತಿಯ ಮುಂದಿನ ಬಯಲಿನಲ್ಲಿ ಅವರು ಹಾಡಿದರು. ನಾನು ನಿಂತದ್ದು ಅವರಿಂದ ಒಂದು ಮಾರು ದೂರದಲ್ಲಿ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಮುಂದಿನದು ಊರಿನಲ್ಲಿ ಬೇರೆ ರೀತಿಯಲ್ಲಿ ಪ್ರಚಾರದಲ್ಲಿದೆ. ಧ್ವನಿ ಮೊದಲಿನದಲ್ಲ, ಅಂಚು ಸವೆದಿತ್ತು. ತಮ್ಮನ ಪಾಲಿನ ಅರ್ಧ ಸಾಲನ್ನು ಇಡೀ ಮೇಳ ಒಟ್ಟಾಗಿ ಹಾಡಬೇಕು, ಅದಕ್ಕೆ ತಾನು ತಲೆಯಾಡಿಸಿ ಸನ್ನೆ ಕೊಡುತ್ತೇನೆ ಎಂದು ಅಣ್ಣ ಮೊದಲೇ ಗೊತ್ತು ಮಾಡಿದ್ದರು. ಮೇಳ ಬೆಂಕಿ ಹಾಕುವ ಅಲಾಯಿ ಕುಣಿಯ ಸುತ್ತ ತಿರುಗಿತು. "ಹೊಳಿ ಹರದೈತಿ ಕಣ್ಣಮುಂದ" ಎಂದು ಎತ್ತಿ ಅವರು ನಿಂತುಬಿಟ್ಟರು. ಸನ್ನೆ ಇಲ್ಲ. ಹಲಗೆಗಳು ಮಾತ್ರ ಬಡಿಯುತ್ತಿದ್ದವು. ಅಣ್ಣ ಹೆಗಲ ಮೇಲಿನ ವಸ್ತ್ರವನ್ನು ಮುಖಕ್ಕೆ ಒತ್ತಿಕೊಂಡರು.

"ತಮ್ಮನ ನೆನಪು ಬಂತ್ರವ್ವಾ" ಎಂದು ಒಬ್ಬಾಕೆ ಗಟ್ಟಿಯಾಗಿಯೇ ಅಂದಳು. ಬಯಲಿನ ತುಂಬ ಸೆರಗುಗಳು ಕಣ್ಣಿಗೆ ಹೋದವು. ಆಮೇಲೆ ಅಣ್ಣ ತಲೆಯಾಡಿಸಿದರು, ಮೇಳ ಉಳಿದರ್ಧವನ್ನು ಹಾಡಿತು, ಕಾಲುಗಳು ಒಮ್ಮೆಗೇ ಬಿದ್ದವು. ದೇವರು ಹಳ್ಳಕ್ಕೆ ಹೋದವು.

ಒಂಬತ್ತು ವರ್ಷ ಕಲ್ಲಾಗಿದ್ದವನನ್ನು ದೇವರು ಅಳಿಸಿದ, ಕಣ್ಣೀರಿನ ಜೊತೆಗೆ ಹಾಡನ್ನೂ ಮರಳಿ ಕೊಟ್ಟ: ಇದು ನಮ್ಮೂರಿನವರು ಇಂದಿಗೂ ಹೇಳುವ ಮಾತು. ವಸ್ತ್ರ ತೆಗೆದಾಗ ಆ ಕಣ್ಣುಗಳನ್ನು ನಾನು ನೋಡಿದ್ದೆ. ಒಣಗಿದ್ದವು. ಒರೆಸಿಕೊಂಡದ್ದು ಬೆವರು.

ಮರುದಿನ ಅಂಗಡಿಗೆ ಹೋಗಿ ನೇರವಾಗಿ ಕೇಳಿದೆ. "ಅಣ್ಣಾ, ನಿನ್ನಿ ನಡುವ ಯಾಕ ನಿಂತಿ? ಅತ್ತೇನು?"

"ಅಳೂದು?" ಎಂದರು, ಯಾರೋ ಮೂರನೆಯವರ ವಿಷಯ ಕೇಳಿದಂತೆ. "ಮೇಳದ ಹೊರಗಿನ ತುದಿಗೆ ಆ ಗೌಂಡಿ ಇದ್ದ ನೋಡು, ಮೊಣಕಾಲು ಬಾತಾಂವ. ತಿರುವಿನಾಗ ಹೊರಗಿದ್ದಾಂವಗ ದಾರಿ ಉದ್ದ. ಅಂವ ಹಿಂದ ಬಿದ್ದಿದ್ದ. ನಾ ಸಾಲು ಮುಗಿಸಿದ್ರ ಹತ್ತೊಂಬತ್ತು ಕಾಲು ಬೀಳ್ತಿದ್ವು, ಅಂವಂದು ಆಮ್ಯಾಲೆ ಬೀಳ್ತಿತ್ತು. ಅಂವ ಬರೂತನಕ ನಿಂತೆ."

"ಹಾಡುವಾಗ ಏನೂ ಅನಸಲಿಲ್ಲೇನು?"

"ಇಲ್ಲ."

"ಹಂಗಾದ್ರ ಹಾಡು ಬಿಟ್ಟದ್ದು ಮೋಟಾರಿನಿಂದ ಅನ್ನೂದು ಖರೆ ಆತು. ತಮ್ಮ ಹೋದಮ್ಯಾಲೆ ಎರಡು ವರ್ಷ ಹಾಡಿದ್ಯಲ್ಲ ನೀನು."

ಅಣ್ಣ ಪೆಡಲಿನಿಂದ ಕಾಲೆತ್ತಿ ಪಕ್ಕಕ್ಕಿಟ್ಟರು. ಯಂತ್ರದ ಗಾಲಿ ಮಾತ್ರ ತನ್ನಷ್ಟಕ್ಕೆ ತಿರುಗುತ್ತಲೇ ಇತ್ತು. ನಿಧಾನವಾಗಿ, ಇನ್ನಷ್ಟು ನಿಧಾನವಾಗಿ. ಅದು ಪೂರ್ತಿ ನಿಲ್ಲುವವರೆಗೆ ಇಬ್ಬರೂ ನೋಡಿದೆವು.

"ಕಾಲು ತಗದಮ್ಯಾಲೂ ಗಾಲಿ ನಾಕು ಸುತ್ತು ತಿರಗತೈತಿ ಪಂಡಿತ" ಎಂದರು. "ಆ ಎರಡು ವರ್ಷ ಅದು."

ತಮ್ಮನ ಸಾವಿನ ಬಗ್ಗೆ ಊರು ಹೇಳಿದ್ದೇ ಸರಿಯಾಗಿತ್ತು. ತಪ್ಪಿದ್ದು ನಾನು. ಅಂದಿನಿಂದ ಮೋಟಾರಿನ ಮಾತನ್ನು ಎತ್ತಲಿಲ್ಲ. ಕಣ್ಣೀರಿನ ಮಾತನ್ನು ಮಾತ್ರ, ಯಾರು ಹೇಳಿದರೂ ಅಲ್ಲಿಯೇ ತಡೆದು ತಿದ್ದಿದ್ದೇನೆ.

ಮುಂದೆ ಏಳು ಹಬ್ಬ ಹಾಡಿದರು. ಹೊಸ ಪದಗಳನ್ನೂ ಕಟ್ಟಿದರು. ಪ್ರತಿ ಹಬ್ಬದ ಮರುದಿನ ನಾನು "ಏನರೆ ಬಂತೇನಣ್ಣಾ?" ಎಂದು ಕೇಳುತ್ತಿದ್ದೆ. "ಇಲ್ಲ" ಎನ್ನುತ್ತಿದ್ದರು. ಆ 'ಇಲ್ಲ'ದಲ್ಲಿ ದೂರು ಇರಲಿಲ್ಲ. ಒಮ್ಮೆ ಮಾತ್ರ ಮುಂದುವರಿಸಿ, "ಬರದಿದ್ರ ಬ್ಯಾಡ ಬಿಡು. ಮಂದಿ ಕಾಲು ತಪ್ಪಬಾರದು, ಅಷ್ಟ" ಎಂದರು. ನಾನು ಬಲ್ಲಂತೆ, ಆ ಏಳು ಹಬ್ಬಗಳಲ್ಲಿ ಹಾಡಿನ ಬಗ್ಗೆ ಅವರು ಆಡಿದ ಅತಿ ದೀರ್ಘವಾದ ಮಾತು ಅದು.

ಅವರು ತೀರಿಕೊಂಡದ್ದು ಒಂದು ಸಾಧಾರಣ ಬುಧವಾರ, ಅರ್ಧ ಹೊಲಿದ ಅಂಗಿಯೊಂದು ಯಂತ್ರದ ಮೇಲಿರುವಾಗ. ಸುದ್ದಿ ಕೇಳಿದಾಗ ನನಗೆ ಏನೂ ಆಗಲಿಲ್ಲ. ಪಂಚಾಯಿತಿಯ ಬೀಗ ಹಾಕಿ, ಕೀಲಿ ಒಪ್ಪಿಸಿ, ಅವರ ಮನೆಗೆ ನಡೆದೆ. ಮೈ ತೊಳೆಸುವಾಗ ಅಂಗಾಲನ್ನು ನೋಡಿದೆ. ಅಚ್ಚು ಮತ್ತೆ ಮೂಡಿತ್ತು. ಹೆಂಗಸರು ಅತ್ತರು. ಕೆಲವರು ನನ್ನ ಮುಖವನ್ನು ಪರೀಕ್ಷಿಸಿದ್ದು ನನಗೆ ತಿಳಿಯಿತು. ಅಲ್ಲಿ ಅವರಿಗೆ ಸಿಕ್ಕುವಂಥದ್ದೇನೂ ಇರಲಿಲ್ಲ.

ಮಣ್ಣಿಗೆ ಒಯ್ಯುವಾಗ ಮುಂದೆ ಭಜನೆ ಇತ್ತು. ಹಾಡಿದವರು ಮೇಳದವರೇ. ಊರ ಹೊರಗಿನ ದಾರಿ ಏರು. ನನ್ನ ಮೊಣಕಾಲೂ ಈಗ ಆ ಗೌಂಡಿಯದರಂತೆಯೇ ಆಗಿದೆ. ತಿರುವಿನಲ್ಲಿ ನಾನು ಹಿಂದೆ ಬಿದ್ದೆ. ಜನ ಸರಿದು ಮುಂದೆ ಹೋದರು. ಆಗ ಮುಂದಿನ ಹಾಡು ಅರ್ಧ ಸಾಲಿಗೆ ನಿಂತಿತು. ತಾಳವೊಂದೇ ಕೇಳಿಸುತ್ತಿತ್ತು. ನಾನು ಬೇಗ ಬೇಗ ಕಾಲು ಹಾಕಿ ಕೂಡಿಕೊಂಡೆ. ಉಳಿದರ್ಧ ಆಮೇಲೆ ಬಂತು.

ನನಗಾಗಿ ನಿಂತರೋ, ಹೊತ್ತವರು ಹೆಗಲು ಬದಲಿಸಲೆಂದು ನಿಂತರೋ, ಗೊತ್ತಿಲ್ಲ. ಅಂದು ಹಾಡು ಎತ್ತಿದ ಮುಂದಾಳು ನನ್ನ ಓಣಿಯವನೇ, ದಿನಾಲೂ ಎದುರಾಗುತ್ತಾನೆ. ಕೇಳಬಹುದಿತ್ತು. ಕೇಳಿಲ್ಲ.